ಎಲ್ಲಿವರೆಗೆ ಗೊತ್ತು?

ಹೋದ ತಿಂಗಳು ಕಡೂರು ಬಸ್‌ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಯಾವುದೋ ಚುನಾವಣೆಯಲ್ಲಿ ಯಾರೋ ಗೆದ್ದಿದ್ದರು. ಅವರ ಕಡೆಯ ಹುಡುಗರು ರಸ್ತೆಯ ಮಧ್ಯೆ ಒಂದು ಸರ ಪಟಾಕಿ ಹಚ್ಚಿ ಕುಣಿಯುತ್ತಿದ್ದರು. ಸದ್ದಿಗೆ ನಾನು ಅಷ್ಟಾಗಿ ಬೆಚ್ಚಲಿಲ್ಲ. ಸದ್ದು ನಿಂತ ಮೇಲೆ ಗಾಳಿಯಲ್ಲಿ ತೇಲಿ ಬಂತಲ್ಲ ಮದ್ದಿನ ವಾಸನೆ, ಅದಕ್ಕೆ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು "ಬಿಪಿನಾ ಅಮ್ಮಾ?" ಅಂತ ಕೇಳಿ ನೀರಿನ ಬಾಟಲಿ ಕೊಟ್ಟಳು. ಹೂಂ ಅಂದೆ. ಗಂಟೆ ಐದೂ ಮುಕ್ಕಾಲಾಗಿತ್ತು. ಆ ಹೊತ್ತಿಗೂ ಆ ವಾಸನೆಗೂ ನನಗೂ ಏನು ಸಂಬಂಧ ಅಂತ ಅವಳಿಗೆ ಹೇಗೆ ಹೇಳಲಿ?

ಹಬ್ಬವಲ್ಲದ ದಿನ ಪಟಾಕಿ ಸುಟ್ಟ ವಾಸನೆ ಬಂದರೆ ನನಗೆ ನೆನಪಾಗುವುದು ಒಂದೇ ಒಂದು ಚಳಿಗಾಲ. ನೌಕರಿಯಲ್ಲಿ ಅದು ನನಗೆ ಕೊನೆಯದಕ್ಕೆ ಹಿಂದಿನ ವರ್ಷ. ಹಿರೇನಲ್ಲೂರಿನಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಆ ಚಳಿಗಾಲದ ಕೊನೆಕೊನೆಗೆ ಊರಿನ ಗಂಡಸರು ಹೊತ್ತು ಮುಳುಗುವ ಮುಂಚೆ ಕೆರೆ ಏರಿಯ ಮೇಲೆ ನಿಂತು ಪಟಾಕಿ ಹೊಡೆಯುತ್ತಿದ್ದರು, ಚಿರತೆ ದೂರ ಹೋಗಲಿ ಅಂತ. ಅವರು ಪಟಾಕಿ ಹಿಡಿದು ಏರಿಗೆ ಬರುವುದಕ್ಕೆ ಮುಂಚಿನ ಐದಾರು ವಾರಗಳಿವೆಯಲ್ಲ, ನನ್ನ ಹೆದರಿಕೆ ಇರುವುದು ಅಲ್ಲಿ.

ನಾನು ಹುಟ್ಟಾ ಪುಕ್ಕಲಿ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ಯಾಕೆಂದರೆ ನನ್ನ ಪಾಠದ ಕ್ರಮವೆಲ್ಲ ಹುಟ್ಟಿದ್ದೇ ಪುಕ್ಕಲುತನದಿಂದ. ಅಪ್ಪ ಅಜ್ಜಂಪುರದಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದರು. ಸುತ್ತಿಗೆ ಹೆಗಲಿಗಿಟ್ಟು ಹಳಿಯುದ್ದಕ್ಕೂ ಒಬ್ಬರೇ ನಡೆದುಹೋಗುವ ಮನುಷ್ಯನ ಮಗಳು ಹಿತ್ತಲ ಬಾಗಿಲಿನಿಂದ ಆಚೆ ಒಬ್ಬಳೇ ಹೋಗುತ್ತಿರಲಿಲ್ಲ. ಓತಿಕ್ಯಾತಕ್ಕೆ ಹೆದರಿಕೆ, ಗುಡುಗಿಗೆ ಹೆದರಿಕೆ, ಮನೆಗೆ ಬಂದ ನೆಂಟರಿಗೂ ಹೆದರಿಕೆ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಲೆಕ್ಕದ ಮೇಷ್ಟ್ರದ್ದು. ಅವರ ಕೈಯಲ್ಲಿ ಹುಣಸೆ ಬರಲು ಯಾವಾಗಲೂ ಇರುತ್ತಿತ್ತು. "ಗೊತ್ತಿಲ್ಲ ಸಾರ್" ಅಂದವರು ಅಂಗೈ ಚಾಚಬೇಕು. ಎರಡು ಸಲ ಚಾಚಿದೆ. ಮೂರನೇ ಸಲದಿಂದ "ಅರ್ಥ ಆಯ್ತೇನ್ರೋ?" ಅಂದ ತಕ್ಷಣ ಎಲ್ಲರಿಗಿಂತ ಮೊದಲು ತಲೆ ಆಡಿಸಲು ಕಲಿತೆ. ತಲೆ ಆಡಿಸುತ್ತಾ ಆಡಿಸುತ್ತಾ ಭಿನ್ನರಾಶಿ, ಶೇಕಡಾ, ಬೀಜಗಣಿತ ಎಲ್ಲವನ್ನೂ ದಾಟಿದೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದಾಗ ಮನೆಯವರಿಗೆಲ್ಲ ಆಶ್ಚರ್ಯವಾಯಿತು. ನನಗೆ ಆಗಲಿಲ್ಲ.

ಇನ್ನೊಂದು ಸಲ ಕಟ್ಟಿಸಲು ತರೀಕೆರೆಯಲ್ಲಿದ್ದ ಅತ್ತೆಯ ಮನೆಗೆ ಕಳಿಸಿದರು. ಅತ್ತೆಯ ಎದುರು ಮನೆಯಲ್ಲಿ ನಿವೃತ್ತರಾದ ಒಬ್ಬ ಮೇಡಂ ಇದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ನೋಟ್‌ಬುಕ್ ಕಾಣುತ್ತಿರಲಿಲ್ಲ. ಆದ್ದರಿಂದ ನಾನು ಬರೆದದ್ದನ್ನು ನೋಡಿ ತಪ್ಪು ಹಾಕುವ ಹಾಗಿರಲಿಲ್ಲ, ತಲೆ ಆಡಿಸಿದರೂ ಕಾಣುವಂತಿರಲಿಲ್ಲ. "ಬಾಯಲ್ಲಿ ಹೇಳು" ಅನ್ನುತ್ತಿದ್ದರು. ಮೊದಲ ದಿನ ಒಂದು ಲೆಕ್ಕ ಕೊಟ್ಟರು. ಅಭ್ಯಾಸಬಲದಿಂದ ತಲೆ ಆಡಿಸುತ್ತಾ ಕೂತೆ. ಕೊನೆಗೆ ಅಳುತ್ತಾ ಗೊತ್ತಿಲ್ಲ ಅಂದೆ. ಅಂಗೈ ಆಗಲೇ ಅರ್ಧ ಮುಂದೆ ಬಂದಿತ್ತು. ಅವರು ಅವರೆಕಾಯಿ ಸುಲಿಯುತ್ತಾ ಕೇಳಿದರು, "ಎಲ್ಲಿವರೆಗೆ ಗೊತ್ತು ಮಗಾ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಗೊತ್ತು, ಗೊತ್ತಿಲ್ಲ ಎರಡೇ ಇರುವುದು ಅಂದುಕೊಂಡಿದ್ದೆ. ಎರಡನೇ ಸಾಲಿನವರೆಗೆ ಗೊತ್ತು ಅಂದೆ. "ಹಂಗಾದ್ರೆ ಮೂರನೇದರಿಂದ ಶುರು ಮಾಡಾಣ" ಅಂದರು. ಅಷ್ಟೇ ನನ್ನ ಬಿ.ಇಡಿ. ಮುಂದೆ ಕಾಲೇಜಿನಲ್ಲಿ ಓದಿ ಪಡೆದ ಸರ್ಟಿಫಿಕೇಟು ಬೀರುವಿನಲ್ಲಿದೆ.

ಲಿಂಗದಹಳ್ಳಿಯಲ್ಲಿ ಮೊದಲ ಕೆಲಸ ಸಿಕ್ಕಾಗಲೂ, ಆಮೇಲೆ ಎಲ್ಲೆಲ್ಲಿ ವರ್ಗವಾಯಿತೋ ಅಲ್ಲೆಲ್ಲ, ಜೂನ್ ತಿಂಗಳ ಮೊದಲ ಪಾಠ ನನ್ನದು ಒಂದೇ. ಮಕ್ಕಳಿಗೆ "ಗೊತ್ತಿಲ್ಲ" ಅನ್ನುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ. ಎದ್ದು ನಿಂತು, ತಲೆ ಎತ್ತಿ, ನನ್ನ ಮುಖ ನೋಡಿ, ಗಟ್ಟಿಯಾಗಿ "ಗೊತ್ತಿಲ್ಲ ಮಿಸ್" ಅನ್ನಬೇಕು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಪಕ್ಕದ ತರಗತಿಯ ಮೇಷ್ಟ್ರುಗಳು "ಪುಷ್ಪಾವತಿ ಮೇಡಂ ಕ್ಲಾಸಲ್ಲಿ ಯಾರಿಗೂ ಏನೂ ಗೊತ್ತಿಲ್ವಂತೆ" ಅಂತ ಆಡಿಕೊಳ್ಳುತ್ತಿದ್ದರು. ಗೊತ್ತಿಲ್ಲ ಅಂದವರಿಗೆ ನನ್ನ ಎರಡನೇ ಪ್ರಶ್ನೆ ಕಾದಿರುತ್ತಿತ್ತು: ಎಲ್ಲಿವರೆಗೆ ಗೊತ್ತು? ಮೂವತ್ತು ವರ್ಷ ಇಷ್ಟನ್ನೇ ಮಾಡಿದೆ. ಬೇರೆ ತತ್ವ ಅಂತ ನನ್ನ ಹತ್ತಿರ ಏನೂ ಇರಲಿಲ್ಲ.

ಆ ವರ್ಷದ ಕ್ಲಾಸಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಗೊತ್ತಿಲ್ಲ ಅನ್ನುತ್ತಿದ್ದವಳು ಸಿಂಚನಾ. ಕಿಟಕಿ ಪಕ್ಕದ ಮೂರನೇ ಬೆಂಚು. ಒಣಕಲು ಹುಡುಗಿ, ಎರಡು ಜಡೆ, ಯಾವಾಗಲೂ ಒಂದರ ರಿಬ್ಬನ್ ಬಿಚ್ಚಿರುತ್ತಿತ್ತು. ಅವಳ ಅಪ್ಪ ಓಂಕಾರಪ್ಪನವರಿಗೆ ಕೆರೆಯಾಚೆ ತೆಂಗಿನ ತೋಟ, ತೋಟದಲ್ಲೇ ಮನೆ. ಒಂದೇ ಸಲಕ್ಕೆ ಪಾಸಾದರೆ ಕಡೂರಿಗೆ ಕಾಲೇಜಿಗೆ ಕಳಿಸುತ್ತೇನೆ, ಇಲ್ಲವಾದರೆ ಚಿಕ್ಕಮ್ಮನ ಹತ್ತಿರ ಹೊಲಿಗೆ ಕಲಿಯಲಿ ಅಂತ ಅವರು ಹೇಳಿಬಿಟ್ಟಿದ್ದರು. ಜೂನ್‌ನಲ್ಲಿ ಅವಳ "ಎಲ್ಲಿವರೆಗೆ" ಮೊದಲ ಸಾಲಿಗೇ ನಿಲ್ಲುತ್ತಿತ್ತು. ದಸರಾ ಹೊತ್ತಿಗೆ ಮುಕ್ಕಾಲು ಲೆಕ್ಕದವರೆಗೆ ಬಂದಿದ್ದಳು. ಆ ಹುಡುಗಿಯ ಮೇಲೆ ನನಗೆ ಆಸೆ ಇತ್ತು. ತಾಯಿಗೆ ಇರುವಂಥ ಆಸೆ.

ಹಿಂದಿನ ವರ್ಷ ಪರೀಕ್ಷೆಯ ಕೋಣೆಗಳಿಗೆ ಕ್ಯಾಮೆರಾ ಹಾಕಿದ ಮೇಲೆ ನಮ್ಮ ಶಾಲೆಯ ಫಲಿತಾಂಶ ಧೊಪ್ಪನೆ ಬಿದ್ದಿತ್ತು. ಎಷ್ಟು ಬಿತ್ತು ಅನ್ನುವುದು ಬೇಡ, ಹೆಡ್‌ಮಾಸ್ಟರಿಗೆ ನೋಟಿಸು ಬರುವಷ್ಟು ಬಿತ್ತು. ನಮ್ಮ ಹೆಡ್‌ಮಾಸ್ಟರು ಮಲ್ಲೇಶಪ್ಪ ಸರ್ ಒಳ್ಳೆಯ ಮನುಷ್ಯ. ಆದರೆ ಆ ನೋಟಿಸು ಬಂದಾಗಿನಿಂದ ವಾಟ್ಸಾಪ್ ಟಿಣ್ ಅಂದರೆ ಕುರ್ಚಿಯಿಂದ ಏಳುತ್ತಿದ್ದರು. ದಸರಾ ರಜೆ ಮುಗಿಯುತ್ತಲೇ ಹತ್ತನೇ ತರಗತಿಗೆ ಸಂಜೆ ಐದರಿಂದ ಆರೂ ಕಾಲಿನವರೆಗೆ ವಿಶೇಷ ತರಗತಿ ಶುರುವಾಯಿತು. ಬರೀ ಮಾಡಿದರೆ ಸಾಲದು, ಮಾಡಿದ್ದಕ್ಕೆ ಫೋಟೋ ಬೇಕು. ಊರು, ದಿನ, ಗಂಟೆ ಎಲ್ಲ ಅಚ್ಚಾಗುವ ಫೋಟೋ. ಆರು ಗಂಟೆಗೆ ಸರಿಯಾಗಿ ಸರ್ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತು, ಮಕ್ಕಳ ತಲೆ ಎಣಿಸಿ, ಕ್ಲಿಕ್ ಮಾಡಿ ಮೇಲಿನವರ ಗ್ರೂಪಿಗೆ ಹಾಕುತ್ತಿದ್ದರು. ತಲೆ ಕಡಿಮೆ ಕಂಡರೆ ಫೋನು ಬರುತ್ತಿತ್ತು.

ಕಾರ್ತಿಕ ಮಾಸದಲ್ಲಿ ಊರಿನ ನಾಯಿಗಳು ಕಡಿಮೆಯಾದವು. ಮೊದಲು ಯಾರೂ ಗಮನಿಸಲಿಲ್ಲ. ನಮ್ಮ ಶಾಲೆಯಲ್ಲೇ ಬಿಸಿಯೂಟದ ಅನ್ನ ತಿಂದು ಬೆಳೆದ ಒಂದು ಕಂದು ನಾಯಿ ಇತ್ತು. ಒಂದು ಸೋಮವಾರ ಅದು ತಟ್ಟೆ ತೊಳೆಯುವ ಜಾಗಕ್ಕೆ ಬರಲಿಲ್ಲ. ಆಮೇಲೆ ಕೆರೆ ಹಿಂದಿನ ಒಂದು ಕೊಟ್ಟಿಗೆಯಿಂದ ಮೇಕೆ ಹೋಯಿತು. ಬೀದಿನಾಯಿಗಳ ಕೆಲಸ ಅಂದರು ಕೆಲವರು, ಕಾಡುಬೆಕ್ಕು ಅಂದರು ಕೆಲವರು. ಏರಿಯ ಕೆಸರಲ್ಲಿ ಹೆಜ್ಜೆ ನೋಡಿದೆ ಅಂತ ಒಬ್ಬ ಅಂದ, ಹೋಗಿ ನೋಡಿದರೆ ಎಮ್ಮೆಗಳು ತುಳಿದು ಹೋಗಿದ್ದವು. ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಹೊತ್ತು ಮುಳುಗಿದ ಮೇಲೆ ಊರಿನಲ್ಲಿ ಅದರ ಹೆಸರು ಹೇಳುವುದನ್ನು ನಿಲ್ಲಿಸಿದರು. ಹಾವನ್ನು ಹುಳ ಅಂದ ಹಾಗೆ, ಅದನ್ನು "ಅದು" ಅನ್ನುತ್ತಿದ್ದರು. "ಅದು ಬಂದಿತ್ತಂತೆ." "ಅದು ಈ ಕಡೆ ಬರಲ್ಲ ಬಿಡಿ." ಹೆಸರಿಟ್ಟು ಕರೆದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಹೆಣ್ಣುಮಕ್ಕಳು ಒಬ್ಬೊಬ್ಬರೇ ಸಂಜೆಯ ತರಗತಿ ಬಿಟ್ಟರು. ಫೋಟೋದಲ್ಲಿ ಬೆಂಚು ಖಾಲಿ ಕಾಣಿಸಿತು, ಫೋನು ಬಂತು. ಮಲ್ಲೇಶಪ್ಪ ಸರ್ ನನ್ನನ್ನು ಕರೆದರು.

"ಮೇಡಂ, ನೀವು ಮನೆಮನೆಗೆ ಹೋಗಿ ಬನ್ನಿ. ಹೆಂಗಸ್ರು ಹೇಳಿದ್ರೆ ಕೇಳ್ತಾರೆ."

"ಏನಂತ ಹೇಳ್ಲಿ ಸರ್?"

"ಏನಾದ್ರೂ ಹೇಳಿ. ಇನ್ನೊಂದು ನೋಟಿಸು ಬಂದ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

ಊರೊಳಗಿನ ಮನೆಗಳು ಸುಲಭವಾಗಿ ಒಪ್ಪಿದವು. ಕೊನೆಗೆ ಉಳಿದದ್ದು ಓಂಕಾರಪ್ಪನವರ ತೋಟದ ಮನೆ. ಹಾಡುಹಗಲು, ಹನ್ನೊಂದು ಗಂಟೆ. ಹಾಗಿದ್ದೂ ಏರಿಯ ಮೇಲೆ ನಡೆಯುವಾಗ ಒಂದು ಕಡೆ ನೀರು, ಇನ್ನೊಂದು ಕಡೆ ಆಳೆತ್ತರದ ಜಾಲಿಪೊದೆ ನೋಡಿ ಸೆರಗು ಬಿಗಿಯಾಗಿ ಸುತ್ತಿಕೊಂಡೆ. ಸೆರಗು ಬಿಗಿದರೆ ಏನಾಗುತ್ತದೆ ಅಂತ ಕೇಳಬೇಡಿ. ಪುಕ್ಕಲರ ಕೈಗೆ ಏನಾದರೂ ಕೆಲಸ ಬೇಕು.

ಓಂಕಾರಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಅವರ ಹೆಂಡತಿ ಗಿರಿಜಮ್ಮ ಮಜ್ಜಿಗೆ ತಂದುಕೊಟ್ಟರು. ಸಿಂಚನಾ ಆಗ ಶಾಲೆಯಲ್ಲಿದ್ದಳು.

"ಹುಡ್ಗಿ ಓದ್ಲಿ ಅಂತ ನಂಗೂ ಆಸೆ ಐತೆ ಮೇಡಂ," ಅಂದರು ಓಂಕಾರಪ್ಪ. "ಆದ್ರೆ ಈ ಏರಿ ಮ್ಯಾಲೆ ಆರೂವರೆಗೆ ಒಬ್ಳೇ ಬರ್ಬೇಕು. ನಂಗೆ ಸಂಜೆ ಹೊತ್ತು ಕರೆಂಟ್ ಬರೋದು, ತ್ವಾಟಕ್ಕೆ ನೀರು ಬಿಡ್ಬೇಕು. ಊರಲ್ಲಿ ಒಬ್ರು ಐತೆ ಅಂತಾರೆ, ಒಬ್ರು ಇಲ್ಲ ಅಂತಾರೆ. ನೀವು ಓದ್ದೋರು, ನಾಕು ಕಡೆ ಓಡಾಡೋರು. ನೀವೇ ಹೇಳಿ. ಅದು ಐತಾ, ಇಲ್ವಾ?"

ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಗಿರಿಜಮ್ಮನೂ ನೋಡಿದರು.

ನನಗೆ ಗೊತ್ತಿರಲಿಲ್ಲ. ಅದೇ ನಿಜ, ಅಷ್ಟೇ ನಿಜ. ಆದರೆ ಬೆನ್ನ ಹಿಂದೆ ಮಲ್ಲೇಶಪ್ಪ ಸರ್ ಇದ್ದರು, ಖಾಲಿ ಬೆಂಚಿನ ಫೋಟೋ ಇತ್ತು, ಮುಕ್ಕಾಲು ಲೆಕ್ಕದವರೆಗೆ ಬಂದು ನಿಂತಿದ್ದ ಆ ಹುಡುಗಿ ಇದ್ದಳು.

"ಇಲ್ಲ ಓಂಕಾರಪ್ಪೋರೇ," ಅಂದೆ. "ಫಾರೆಸ್ಟ್‌ನೋರು ಬಂದು ನೋಡ್ಕೊಂಡು ಹೋದ್ರಂತೆ. ಕಾಡುಬೆಕ್ಕು ಅಂದ್ರಂತೆ."

ಫಾರೆಸ್ಟ್‌ನವರು ಬಂದೇ ಇರಲಿಲ್ಲ. ಆ ಮಾತು ಎಲ್ಲಿಂದ ಬಂತು ಅಂತ ಇವತ್ತಿಗೂ ತಿಳಿಯದು. ನಾಲಿಗೆ ತಾನಾಗಿ ಹೆಣೆದುಬಿಟ್ಟಿತು.

"ನೀವ್ ಹೇಳಿದ್ಮೇಲೆ ಆಯ್ತು ಬಿಡಿ" ಅಂದು ಓಂಕಾರಪ್ಪ ಮತ್ತೆ ಕಾಯಿ ಕೈಗೆತ್ತಿಕೊಂಡರು. ಗಿರಿಜಮ್ಮ ನಾನು ಬೇಡ ಅಂದರೂ ಎರಡು ಕಾಯಿಯನ್ನು ಚೀಲಕ್ಕೆ ಹಾಕಿ ಕಳಿಸಿದರು. ಅವನ್ನು ನಾನು ಅಡುಗೆಗೆ ಬಳಸಲಿಲ್ಲ. ಮೂಲೆಯಲ್ಲೇ ಇದ್ದು ಒಂದು ದಿನ ಮೊಳಕೆ ಬಂತು.

ಮರುದಿನದಿಂದ ಸಿಂಚನಾ ಸಂಜೆಯ ತರಗತಿಗೆ ಬಂದಳು. ನನ್ನ ನರಕವೂ ಶುರುವಾಯಿತು. ಪೇಟೆ ಕಡೆಯ ನನ್ನ ಬಸ್ಸು ಆರೂ ಮುಕ್ಕಾಲಿಗೆ. ಡಿಸೆಂಬರಿನಲ್ಲಿ ಆರೂ ಕಾಲಿಗೆ ಬೆಳಕು ಸತ್ತುಹೋಗಿರುತ್ತದೆ. ಅವಳು ಚೀಲ ಬೆನ್ನಿಗೆ ಹಾಕಿಕೊಂಡು, ಗೇಟಿನಲ್ಲಿ "ಬತ್ತೀನಿ ಮಿಸ್" ಅಂದು ಕೆರೆ ಕಡೆ ತಿರುಗುವಳು. ಏರಿಯ ಮೇಲೆ ಅವಳ ಬಿಳಿ ಸಮವಸ್ತ್ರ ಸಣ್ಣದಾಗುತ್ತಾ ಹೋಗುವುದನ್ನು ನೋಡುತ್ತಾ ನಿಲ್ಲುವೆ. ಮಧ್ಯದಲ್ಲಿ ತೂಬಿನ ಹತ್ತಿರ ಏರಿ ಬಾಗುತ್ತದೆ. ಅಲ್ಲಿಂದಾಚೆ ಏನೂ ಕಾಣದು.

ಮನೆ ಸೇರಿದ ತಕ್ಷಣ ಅಮ್ಮನ ಫೋನಿನಿಂದ ನನಗೊಂದು ಮಿಸ್ಡ್ ಕಾಲ್ ಕೊಡು ಅಂತ ಅವಳಿಗೆ ಹೇಳಿದ್ದೆ. ಯಾಕೆ ಮಿಸ್ ಅಂದಳು. ಸುಮ್ಮನೆ ಅಂದೆ. ಬಸ್ಸಿಗೆ ಕಾಯುವಾಗಲೂ, ಬಸ್ಸಿನಲ್ಲಿ ಕೂತ ಮೇಲೂ ಮೊಬೈಲನ್ನು ಎರಡು ಕೈಯಲ್ಲಿ ಹಿಡಿದಿರುತ್ತಿದ್ದೆ. ಆರೂ ನಲವತ್ತಕ್ಕೆ ಬರಬೇಕು. ಐವತ್ತಾದರೆ ಸಿಗ್ನಲ್ ಇದೆಯಾ ಅಂತ ಮತ್ತೆ ಮತ್ತೆ ನೋಡುವೆ. ಕರೆ ಬಂದ ಮೇಲೆ ಕಂಡಕ್ಟರಿಗೆ ಟಿಕೆಟ್ಟಿನ ದುಡ್ಡು ಕೊಡಲು ನೆನಪಾಗುತ್ತಿತ್ತು. ಮನೆಯಲ್ಲಿ ನಮ್ಮವರು "ಯಾರ್ದೇ ಅದು ದಿನಾ ಮಿಸ್ಡ್ ಕಾಲು?" ಅಂತ ಛೇಡಿಸುತ್ತಿದ್ದರು. ನಗುತ್ತಿದ್ದೆ. ಮರುದಿನ ಬೆಳಗ್ಗೆ ಏಳುವಾಗಲೇ ಸಂಜೆಯ ಹೆದರಿಕೆ ಎದ್ದು ಕೂತಿರುತ್ತಿತ್ತು.

ತರಗತಿಯಲ್ಲಿ ನಾನು ಬದಲಾದೆ. ಹೊರಗೆ ಎಲೆ ಅಲುಗಿದರೆ ಬೋರ್ಡಿನ ಮೇಲಿನ ಕೈ ನಿಲ್ಲುತ್ತಿತ್ತು. ಒಂದು ದಿನ ತ್ರಿಕೋನಮಿತಿ ಹೇಳಿಕೊಡುತ್ತಿರುವಾಗ "ಅರ್ಥ ಆಯ್ತೇನ್ರೋ?" ಅಂದುಬಿಟ್ಟೆ. ಎಲ್ಲರೂ ತಲೆ ಆಡಿಸಿದರು. ಅಷ್ಟು ವರ್ಷದಲ್ಲಿ ಆ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ.

ಸಂಕ್ರಾಂತಿಗೆ ಒಂದು ವಾರ ಇತ್ತು. ಆ ಸಂಜೆ ಮಂಜು ಬೇಗ ಇಳಿದಿತ್ತು. ಬಸ್ಸಿಗೆ ಕಾಯುತ್ತಾ ನಿಂತೆ. ಆರೂ ನಲವತ್ತಾಯಿತು, ಬಸ್ಸು ಹತ್ತಿದೆ, ಐವತ್ತಾಯಿತು, ಏಳಾಯಿತು. ಮಿಸ್ಡ್ ಕಾಲ್ ಬರಲಿಲ್ಲ. ನಾನೇ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಬಸ್ಸಿನಲ್ಲಿ ಯಾವುದೋ ಮಗು ಅಳುತ್ತಿತ್ತು, ಅದರ ಬಾಯಿ ಮುಚ್ಚಿಸಿ ಅಂತ ಕಿರುಚಬೇಕು ಅನ್ನಿಸಿತು. ಓಂಕಾರಪ್ಪನವರ ನಂಬರ್ ಇತ್ತು. ಒತ್ತಲು ಬೆರಳು ಹೋಗಲಿಲ್ಲ. "ಮಗಳು ಬಂದಳಾ?" ಅಂತ ನಾನು ಕೇಳಿದರೆ, ಯಾಕೆ ಕೇಳ್ತಿದ್ದೀರಿ ಮೇಡಂ ಅಂತ ಅವರು ಕೇಳುವುದಿಲ್ಲವೇ? ಒಂದು ಮಗುವಿನ ಜೀವ ಏನಾಯಿತೋ ಗೊತ್ತಿಲ್ಲದಿರುವಾಗ ನಾನು ಹೇಳಿದ ಸುಳ್ಳು ಹೊರಗೆ ಬೀಳುತ್ತದೆ ಅಂತ ಹೆದರಿದವಳು ನಾನು. ಕೊನೆಗೆ ಒತ್ತಿದೆ. ಸಿಗ್ನಲ್ ಇರಲಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೇ ಹೋದೆ. ಶಾಲೆಯ ಜವಾನನೂ ಬಂದಿರಲಿಲ್ಲ. ಜಗುಲಿಯ ಮೇಲೆ ಕೂತು ಕೆರೆ ಕಡೆ ನೋಡುತ್ತಿದ್ದೆ. ಎಂಟೂವರೆಗೆ ಏರಿಯ ತಿರುವಿನಲ್ಲಿ ಬಿಳಿ ಚುಕ್ಕೆಯೊಂದು ಕಾಣಿಸಿತು. ಎರಡು ಜಡೆ, ಒಂದು ರಿಬ್ಬನ್ ಬಿಚ್ಚಿತ್ತು. ಹತ್ತಿರ ಬಂದಾಗ ನೋಡಿದರೆ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೀನಖಂಡದ ಮೇಲೆ ಮುಳ್ಳು ಗೀರಿದ ಗೆರೆಗಳು.

"ನಿನ್ನೆ ಯಾಕೇ ಫೋನ್ ಮಾಡ್ಲಿಲ್ಲ?"

"ಅಮ್ಮನ ಫೋನು ಚಾರ್ಜ್ ಇರ್ಲಿಲ್ಲ ಮಿಸ್."

"ಚಪ್ಪಲಿ ಎಲ್ಲಿ?"

"ಕಿತ್ತೋಯ್ತು ಮಿಸ್."

"ಎರಡೂನಾ?"

ಅವಳು ಒಂದು ಬರಿಗಾಲನ್ನು ಇನ್ನೊಂದರ ಹಿಂದೆ ಸರಿಸಿಕೊಂಡಳು.

"ಸಿಂಚನಾ, ದಾರೀಲಿ ಏನಾದ್ರೂ ಕಂಡ್ಯಾ?"

"ಗೊತ್ತಿಲ್ಲ ಮಿಸ್."

ಜೂನ್‌ನಿಂದ ಆ ಹುಡುಗಿ ನೂರಾರು ಸಲ ನನಗೆ ಆ ಮಾತು ಹೇಳಿದ್ದಳು, ತಲೆ ಎತ್ತಿ, ಮುಖ ನೋಡಿ. ಈ ಸಲ ನೆಲ ನೋಡುತ್ತಿದ್ದಳು. ನನಗೆ ಬೇರೇನೂ ತೋಚಲಿಲ್ಲ. ಬಾಯಿಗೆ ರೂಢಿಯಾದದ್ದೇ ಬಂತು.

"ಎಲ್ಲಿವರೆಗೆ ಗೊತ್ತು?"

ಬಿಚ್ಚಿದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಅಂದಳು, "ಬಾಲದವರ್ಗೂ ಮಿಸ್."

ತೂಬಿನ ಹತ್ತಿರ ಅದು ಪೊದೆಯಿಂದ ಎದ್ದು ನೀರಿನ ಕಡೆಗೆ ಏರಿ ದಾಟುತ್ತಿತ್ತಂತೆ. ಕರು ಅಂದುಕೊಂಡಳಂತೆ. ಮೈ ಇಳಿದುಹೋದ ಮೇಲೂ ಬಾಲ ಮುಗಿಯಲೇ ಇಲ್ಲವಂತೆ. ಅಷ್ಟುದ್ದ, ತುದಿಯಲ್ಲಿ ಮೇಲಕ್ಕೆ ಬಾಗಿತ್ತು ಅಂತ ಕೈಯಲ್ಲಿ ಮಾಡಿ ತೋರಿಸಿದಳು. ಚಪ್ಪಲಿ ಪಟಪಟ ಅನ್ನುತ್ತದೆ ಅಂತ ಎರಡನ್ನೂ ಅಲ್ಲೇ ಬಿಟ್ಟು, ಓಡದೆ, ಏರಿಯ ಅಂಚಿನ ಮುಳ್ಳಿನಲ್ಲಿ ನಡೆದು ಮನೆಗೆ ಹೋಗಿದ್ದಾಳೆ. ಮನೆಯಲ್ಲಿ ಚಪ್ಪಲಿ ಕಿತ್ತುಹೋಯಿತು ಅಂದಿದ್ದಾಳೆ.

"ಇದು ಮೂರನೇ ಸಲ ಮಿಸ್," ಅಂದಳು.

ಅವಳ ಎರಡೂ ಭುಜ ಹಿಡಿದೆ. "ಅಯ್ಯೋ ನನ್ ತಾಯಿ, ಯಾಕೇ ಹೇಳ್ಲಿಲ್ಲ? ಅಪ್ಪಂಗಾದ್ರೂ ಹೇಳ್ಬಾರ್ದಾ?"

"ನೀವು ಅಪ್ಪಂಗೆ ಇಲ್ಲ ಅಂದಿದ್ರಲ್ಲ ಮಿಸ್. ನಾನು ಐತೆ ಅಂದ್ರೆ ನಿಮ್ಮಾತು ಸುಳ್ಳಾಗಲ್ವಾ? ಆಮೇಲೆ ನನ್ನೂ ಕಳ್ಸಲ್ಲ. ಹೇಳ್ಬೇಡಿ ಮಿಸ್, ಪ್ಲೀಸ್. ಇನ್ನೆರಡು ತಿಂಗ್ಳಷ್ಟೇ ಅಲ್ವಾ?"

ಹದಿನೈದು ವರ್ಷದ ಮಗು ನನ್ನ ಮರ್ಯಾದೆ ಉಳಿಸಲು ಮೂರು ಸಂಜೆ ಚಿರತೆಯ ಎದುರು ಬಾಯಿ ಮುಚ್ಚಿಕೊಂಡು ನಡೆದಿತ್ತು. ನಾಚಿಕೆಯಿಂದ ಅತ್ತುಬಿಟ್ಟೆ. ಅವಳೂ ಅತ್ತಳು, ಬಹುಶಃ ಇನ್ನು ಕಳಿಸುವುದಿಲ್ಲ ಅಂತ.

ಹೇಳದೆ ಇದ್ದುಬಿಡುವ ಯೋಚನೆ ನನಗೆ ಬರಲಿಲ್ಲ ಅಂದರೆ ಇನ್ನೊಂದು ಸುಳ್ಳಾಗುತ್ತದೆ. ಪ್ರಾರ್ಥನೆಯಿಂದ ಊಟದ ಬೆಲ್ಲಿನವರೆಗೆ ಅದನ್ನೇ ಯೋಚಿಸಿದೆ. ಮೂರು ಸಲ ಕಂಡರೂ ಏನೂ ಮಾಡಿಲ್ಲ, ಇನ್ನೂ ಮಾಡಲಿಕ್ಕಿಲ್ಲ. ಅಪ್ಪನಿಗೆ ಹೇಳಿದರೆ ಹುಡುಗಿಯ ಓದು ನಿಲ್ಲುತ್ತದೆ, ಅವಳೇ ಬೇಡ ಅನ್ನುತ್ತಿದ್ದಾಳೆ. ಮಧ್ಯಾಹ್ನ ಮಲ್ಲೇಶಪ್ಪ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದರು.

"ಮೇಡಂ, ಈ ಮಾತು ಹೊರಗೆ ಹೋದ್ರೆ ನಾಳೆಯಿಂದ ಬೆಂಚೆಲ್ಲಾ ಖಾಲಿ. ಫೋಟೋದಲ್ಲಿ ಯಾರ್ನ ಕೂರ್ಸೋದು?"

"ನನ್ನ ಕೂರ್ಸಿ ಸರ್."

"ನಿಮಗೇನು, ಇನ್ನೊಂದು ವರ್ಷಕ್ಕೆ ರಿಟೈರು. ನಂದಿನ್ನೂ ಎಂಟು ವರ್ಷ ಐತೆ" ಅಂದರು. ಮೊಬೈಲ್ ಟಿಣ್ ಅಂದಾಗ ಅರ್ಧ ಎದ್ದು ಮತ್ತೆ ಕೂತರು. ಅದನ್ನು ನೋಡಿದಾಗ ನನಗೆ ಮೊದಲ ಸಲ ಅನ್ನಿಸಿತು, ಇವರಿಗೆ ನೋಟಿಸಿನ ಹೆದರಿಕೆ, ನನಗೆ ಇವರ ಹೆದರಿಕೆ, ಆ ಹುಡುಗಿಗೆ ನನ್ನ ಮಾತು ಸುಳ್ಳಾಗುವ ಹೆದರಿಕೆ. ಚಿರತೆಗೆ ನಿಜವಾಗಿ ಹೆದರಿದವರು ಓಂಕಾರಪ್ಪ ಒಬ್ಬರೇ. ಅವರ ಹೆದರಿಕೆಯನ್ನೇ ನಾನು ಹೋಗಿ ಅಳಿಸಿ ಬಂದಿದ್ದೆ.

ಅವತ್ತು ಸಂಜೆ ತರಗತಿ ಮಾಡಲಿಲ್ಲ. ನಾಲ್ಕೂ ಮುಕ್ಕಾಲಿಗೆ ಎಲ್ಲರನ್ನೂ ಮನೆಗೆ ಕಳಿಸಿ ಸಿಂಚನಾಳ ಜೊತೆ ಏರಿ ಹತ್ತಿದೆ. ಬಿಸಿಲು ಇನ್ನೂ ಇತ್ತು. ಅವಳು ಮುಂದೆ, ನಾನು ಹಿಂದೆ. ತೂಬಿನ ಹತ್ತಿರ ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಇರಲಿಲ್ಲ. ಪೊದೆಯಲ್ಲಿ ಏನೋ ಸರಸರ ಅಂದಾಗ ಅವಳ ಚೀಲ ಹಿಡಿದುಕೊಂಡು ನಿಂತೆ. ಒಂದು ನವಿಲು ಎದ್ದು ಹೋಯಿತು. "ಬನ್ನಿ ಮಿಸ್, ಏನಿಲ್ಲ" ಅಂದಳು ಹುಡುಗಿ. ಆಮೇಲೆ ತಿರುಗಿ ನೋಡದೆ ನಡೆದಳು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತು.

ಓಂಕಾರಪ್ಪನವರಿಗೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಫಾರೆಸ್ಟ್‌ನವರ ಮಾತು ನಾನು ಕಟ್ಟಿದ್ದು ಅಂತಲೂ ಹೇಳಿದೆ. ಗಿರಿಜಮ್ಮ ಮಗಳನ್ನು ಎಳೆದುಕೊಂಡು ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಓಂಕಾರಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

"ನಾನು ಓದ್ದೋನಲ್ಲ ಮೇಡಂ. ಅವತ್ತು ನಿಮ್ಮನ್ನ ಒಂದೇ ಮಾತು ಕೇಳ್ದೆ. ಗೊತ್ತಿಲ್ಲ ಓಂಕಾರಪ್ಪ ಅಂದಿದ್ರೆ, ನೀರು ಹಾಳಾಗೋಗ್ಲಿ ಅಂತ ದಿನಾ ನಾನೇ ಬಂದು ಕರ್ಕಂಡ್ ಬತ್ತಿದ್ದೆ. ಇಲ್ಲ ಅಂದ್ರಲ್ಲ, ಅದ್ಕೇ ಬರ್ಲಿಲ್ಲ."

ಮೂವತ್ತು ವರ್ಷದಿಂದ ನಾನು ಮಕ್ಕಳಿಂದ ಹೇಳಿಸುತ್ತಿದ್ದ ಪದ ಅದು. ನನ್ನನ್ನು ಕೇಳಿದ ದಿನ ನನ್ನ ಬಾಯಿಂದ ಬರಲಿಲ್ಲ.

ಹುಡುಗಿಯ ಓದು ನಿಲ್ಲಲಿಲ್ಲ, ಇಷ್ಟನ್ನು ಹೇಳಿಬಿಡುತ್ತೇನೆ. ಮರುದಿನದಿಂದ ಓಂಕಾರಪ್ಪ ಐದೂವರೆಗೇ ಬಂದು ಶಾಲೆಯ ಜಗುಲಿಯಲ್ಲಿ ಕೂರುತ್ತಿದ್ದರು. ವಾರದೊಳಗೆ ಅಲ್ಲಿ ಏಳೆಂಟು ಅಪ್ಪಂದಿರು. ತರಗತಿ ಬಿಡುವ ಮುಂಚೆ ಇಬ್ಬರು ಹೋಗಿ ಏರಿಯ ಮೇಲೆ ಪಟಾಕಿ ಹೊಡೆದು ಬರುತ್ತಿದ್ದರು. ಮಲ್ಲೇಶಪ್ಪ ಸರ್ ಫೋಟೋದಲ್ಲಿ ಒಂದು ತಲೆಯೂ ಕಡಿಮೆಯಾಗಲಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಅದು ಫಾರೆಸ್ಟ್‌ನವರು ಇಟ್ಟ ಬೋನಿಗೆ ಬಿತ್ತು. ಊರೇ ನೋಡಲು ಹೋಯಿತು, ನಾನು ಹೋಗಲಿಲ್ಲ. ಸಿಂಚನಾ ಒಂದೇ ಸಲಕ್ಕೆ ಪಾಸಾದಳು. ಈಗ ಕಡೂರಿನ ಕಾಲೇಜಿಗೆ ಹೋಗುತ್ತಾಳೆ, ಬಸ್ಸಿನಲ್ಲಿ ಸಿಕ್ಕರೆ ಎದ್ದು ಜಾಗ ಕೊಡುತ್ತಾಳೆ. ನನ್ನ ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೊಬ್ಬರು ಪುಷ್ಪಾವತಿ ಮೇಡಂ ಮಕ್ಕಳಿಗೆ ಹೆದರಿಕೆ ಇಲ್ಲದಂತೆ ಪಾಠ ಮಾಡಿದರು ಅಂದಾಗ, ಶಾಲು ಹೊದ್ದುಕೊಂಡು ತಲೆ ತಗ್ಗಿಸಿ ಕೂತಿದ್ದೆ.

ಆ ಸಂಜೆಯದು ಇನ್ನೊಂದು ಚೂರು ಉಳಿದಿದೆ. ಹೇಳುವುದೆಲ್ಲ ಮುಗಿಯುವ ಹೊತ್ತಿಗೆ ಬೆಳಕು ಹೋಗಿತ್ತು. ನನ್ನನ್ನು ಬಸ್ಸಿಗೆ ಬಿಡಲು ಓಂಕಾರಪ್ಪ ಟಾರ್ಚು, ಮಚ್ಚು ತೆಗೆದುಕೊಂಡು ಎದ್ದರು. ನಾನೂ ಬತ್ತೀನಿ ಅಂದಳು ಸಿಂಚನಾ. ಗಿರಿಜಮ್ಮ ಬೇಡ ಅಂದರೂ ಕೇಳಲಿಲ್ಲ. ಮಗಳನ್ನು ಕಣ್ಣಿನಿಂದ ಆಚೆ ಬಿಡಲು ಅಪ್ಪನಿಗೂ ಮನಸ್ಸಿರಲಿಲ್ಲ. ಮೂವರೂ ಏರಿ ಹತ್ತಿದೆವು. ನೀರು ಕಪ್ಪಗಿತ್ತು. ತೂಬಿನ ತಿರುವಿಗೆ ಬಂದಾಗ ಓಂಕಾರಪ್ಪ ತಟ್ಟನೆ ನಿಂತು ಟಾರ್ಚನ್ನು ಜಾಲಿಪೊದೆಯ ಕಡೆ ಹಿಡಿದರು. ಬೆಳಕು ಅಲುಗದೆ ಒಂದೇ ಜಾಗದಲ್ಲಿ ನಿಂತಿತು. ನನಗೆ ಬರೀ ಮುಳ್ಳು, ಎಲೆ ಕಾಣುತ್ತಿತ್ತು.

"ಅಲ್ಲೇನಾದ್ರೂ ಐತಾ ಓಂಕಾರಪ್ಪೋರೇ?" ಅಂತ ಪಿಸುಗುಟ್ಟಿದೆ.

"ಗೊತ್ತಿಲ್ಲ ಮೇಡಂ," ಅಂದರು ಅವರು, ಮಚ್ಚನ್ನು ಕಂಕುಳಿಗೆ ಸಿಕ್ಕಿಸಿ ಮಗಳ ಕೈ ಹಿಡಿದುಕೊಂಡರು.

ಅವಳ ಇನ್ನೊಂದು ಕೈ ನಾನು ಹಿಡಿದೆ.